ದೂರದ ಬಂಡಾಯದ ಸುದ್ದಿ ನಮ್ಮೂರಿಗೆ ಬಂದಾಗ



2024ರ ಆಗಸ್ಟ್ ತಿಂಗಳು. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಜಮಖಂಡಿಗೆ ಹೋಗಿದ್ದೆ. ಕೆಲಸ ಮುಗಿದು ಕ್ಯಾಮೆರಾ, ದೀಪಗಳನ್ನು ವಾಹನಕ್ಕೆ ತುಂಬುತ್ತಿದ್ದಾಗ ಬನಹಟ್ಟಿಯ ಪದವಿ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಬಾಂಗ್ಲಾದೇಶದ ವಿದ್ಯಾರ್ಥಿಗಳ ಚಳವಳಿ ದೊಡ್ಡದಾಗಿ ಬೆಳೆದು, ಆ ತಿಂಗಳ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟಿದ್ದರು. ಹುಡುಗ ತೋರಿಸಿದ ವಿಡಿಯೋದಲ್ಲಿ ಒಂದು ಬೀದಿ, ಓಡುವ ಜನ, ಉರಿಯುವ ಒಂದು ಬಸ್ಸು. ಕೆಳಗೆ ಯಾರೋ ಕನ್ನಡದಲ್ಲಿ ‘ಢಾಕಾ, ಇಂದು ಬೆಳಿಗ್ಗೆ’ ಎಂದು ಬರೆದಿದ್ದರು.

“ಸರ್, ಇದು ಖರೇ ಏನ್ರಿ?” ಎಂದು ಕೇಳಿದ.

ಅವನಿಗೆ ನಾನು ಕೊಟ್ಟ ಉತ್ತರವನ್ನು ಆಮೇಲೆ ಹೇಳುತ್ತೇನೆ. ಅವನು ನಿಂತು ಕೇಳಿದ ನೆಲದಲ್ಲಿಯೇ ಸುಮಾರು 170 ವರ್ಷಗಳ ಹಿಂದೆ ಇದೇ ಪ್ರಶ್ನೆ ಎದ್ದಿತ್ತು. ಆಗ ಅದು ಸಾವು ಬದುಕಿನ ಪ್ರಶ್ನೆಯಾಗಿತ್ತು. ಇಂದಿನ ಮಾತನ್ನು ಅಲ್ಲಿಂದ ಶುರು ಮಾಡೋಣ. ಇದನ್ನು ಓದುವಾಗ ನಿಮ್ಮ ಭೂಪಟದ ಪುಸ್ತಕ ಪಕ್ಕದಲ್ಲಿದ್ದರೆ ಒಳ್ಳೆಯದು.

ಮುಧೋಳ ತಾಲ್ಲೂಕಿನ ಹಲಗಲಿಯ ಹೆಸರು ನಿಮಗೆ ಗೊತ್ತು. ಹಲಗಲಿಯ ಬೇಡರ ಲಾವಣಿಯನ್ನು ನಿಮ್ಮಲ್ಲಿ ಅನೇಕರು ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಓದಿದ್ದೀರಿ. ಪರೀಕ್ಷೆಗಾಗಿ ಓದಿ ಮರೆತಿರಲೂಬಹುದು. ಅದು ನಿಮ್ಮ ತಪ್ಪೆಂದು ನಾನು ಹೇಳುವುದಿಲ್ಲ. ಹೋರಾಟದ ಕಥೆಯನ್ನು ನಿಮ್ಮ ಮೇಷ್ಟರು ಹೇಳಿದ್ದಾರೆ. ದೂರದ ಉತ್ತರದಲ್ಲಿ ಎದ್ದ ಬಂಡಾಯದ ಸುದ್ದಿ ಯಾವ ದಾರಿಗಳಲ್ಲಿ ದೇಶ ಸುತ್ತಿತು, ಹಲಗಲಿಯಂಥ ಊರಿನ ಪಾಲಿಗೆ ಅದರ ಅರ್ಥವೇನಾಯಿತು ಎಂಬುದನ್ನು ನಾವು ನೋಡೋಣ.

1857ರ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದರು. ಮರುದಿನ ದಿಲ್ಲಿ ಅವರ ಕೈಸೇರಿತು. ಆ 11ರಂದೇ ದಿಲ್ಲಿಯ ತಂತಿ ಕಚೇರಿಯಲ್ಲಿದ್ದ ಬ್ರೆಂಡಿಷ್ ಮತ್ತು ಪಿಲ್ಕಿಂಗ್ಟನ್ ಎಂಬ ಇಬ್ಬರು ಎಳೆಯ ನೌಕರರು ಅಂಬಾಲಕ್ಕೆ ತಂತಿ ಹೊಡೆದು ಸುದ್ದಿ ಮುಟ್ಟಿಸಿದರು. ಸಾರ್ವಜನಿಕರ ಬಳಕೆಗೆ ತಂತಿ ತೆರೆದದ್ದು 1850ರ ದಶಕದ ನಡುವಿನಲ್ಲಿ. ಅದಾಗಿ ಕೆಲವೇ ವರ್ಷಗಳಾಗಿದ್ದವು. ಕಲ್ಕತ್ತ, ಆಗ್ರಾ, ಮುಂಬಯಿ, ಮದರಾಸುಗಳು ಆ ಹೊತ್ತಿಗೆ ಅದರ ಮೂಲಕ ಬೆಸೆದಿದ್ದವು. ವಿದ್ಯುತ್ತಿನ ವೇಗ ಏನೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಆದರೆ ತಂತಿಯ ಎರಡೂ ತುದಿಗಳು ಸರ್ಕಾರದ ಕೈಯಲ್ಲಿದ್ದವು. ಭಾರತದಿಂದ ಇಂಗ್ಲೆಂಡಿನವರೆಗೆ ಇನ್ನೂ ತಂತಿ ಇರಲಿಲ್ಲವಾದ್ದರಿಂದ, ಮೀರತ್‌ನ ಸುದ್ದಿ ಹಡಗನ್ನೇರಿ ಲಂಡನ್ ಮುಟ್ಟುವ ಹೊತ್ತಿಗೆ ಜೂನ್ ತಿಂಗಳ ಕೊನೆಯ ವಾರ ಬಂದಿತ್ತು. ಅಲ್ಲಿ ಕುಳಿತು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಈ ಬಂಡಾಯದ ಬಗ್ಗೆ ಲೇಖನಗಳನ್ನು ಬರೆಯುತ್ತಿದ್ದ ಕಾರ್ಲ್ ಮಾರ್ಕ್ಸ್‌ಗೂ ಆಧಾರವಾಗಿದ್ದುದು ಹಡಗಿನಲ್ಲಿ ಬಂದ ಇಂಥ ವರದಿಗಳೇ. ದಿಲ್ಲಿ ಮತ್ತೆ ಇಂಗ್ಲಿಷರ ವಶವಾಯಿತೆಂಬ ಸುದ್ದಿ, ಅದು ವಶವಾಗುವ ಎಷ್ಟೋ ಮೊದಲೇ ಹಬ್ಬಿಬಿಟ್ಟಿತ್ತು! ವೇಗವಾಗಿ ಬರುವ ಸುದ್ದಿಯೆಲ್ಲ ಸರಿಯಾದ ಸುದ್ದಿಯಲ್ಲ ಎಂಬುದು ತಂತಿಯ ಬಾಲ್ಯದಲ್ಲಿಯೇ ತಿಳಿದುಹೋಗಿತ್ತು.

ಜನರ ಸುದ್ದಿಗೆ ಬೇರೆ ದಾರಿಗಳಿದ್ದವು. ಆ ವರ್ಷದ ಆರಂಭದಲ್ಲಿ ಉತ್ತರದ ಹಳ್ಳಿಗಳಲ್ಲಿ ಚಪಾತಿಗಳು ಓಡಾಡಿದ ಪ್ರಸಂಗವಂತೂ ಇಂದಿನ ನಿಮಗೆ ಬಲು ಬೇಗ ಅರ್ಥವಾದೀತು. ಒಂದೂರಿನ ಕಾವಲುಗಾರ ಪಕ್ಕದೂರಿನ ಕಾವಲುಗಾರನಿಗೆ ಚಪಾತಿ ಕೊಟ್ಟು, ಇಂಥವೇ ಇನ್ನಷ್ಟನ್ನು ಮಾಡಿ ಮುಂದಿನ ಊರುಗಳಿಗೆ ಮುಟ್ಟಿಸೆಂದು ಹೇಳಿ ಹೋಗುತ್ತಿದ್ದ. ಇದು ಏಕೆ, ಯಾರು ಕಳಿಸಿದ್ದು ಎಂದು ಕೇಳಿದರೆ ತಂದವನಿಗೂ ಗೊತ್ತಿಲ್ಲ, ತೆಗೆದುಕೊಂಡವನಿಗೂ ಗೊತ್ತಿಲ್ಲ. ಅದರ ಅರ್ಥದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೂ ಚಪಾತಿ ನಿಲ್ಲಲಿಲ್ಲ. ನಿಮ್ಮ ಮೊಬೈಲಿನಲ್ಲಿ ‘ಕೂಡಲೇ ಹತ್ತು ಜನಕ್ಕೆ ಕಳಿಸಿ’ ಎಂದು ಬರುವ ಸಂದೇಶದ ಪೂರ್ವಿಕರು ಯಾರೆಂದು ಯಾರಾದರೂ ಕೇಳಿದರೆ, ನಾನು ಈ ಕಾವಲುಗಾರರನ್ನು ತೋರಿಸುತ್ತೇನೆ.

ಸರ್ಕಾರ ಸುಮ್ಮನಿರಲಿಲ್ಲ. ಗವರ್ನರ್ ಜನರಲ್ ಕ್ಯಾನಿಂಗ್ 1857ರ ಜೂನ್‌ನಲ್ಲಿ ಒಂದು ಕಾಯಿದೆ ತಂದು, ಲೈಸೆನ್ಸ್ ಇಲ್ಲದೆ ಯಾರೂ ಮುದ್ರಣಾಲಯ ನಡೆಸಕೂಡದೆಂದು ವಿಧಿಸಿದ. ಅಚ್ಚಾದ ಕಾಗದಕ್ಕೆ ಕಡಿವಾಣ ಬಿತ್ತು. ಬಾಯಿಮಾತಿಗೆ ಹಾಕಬಲ್ಲ ಕಡಿವಾಣ ಯಾರ ಬಳಿಯೂ ಇರಲಿಲ್ಲ.

ಬಂಡಾಯ ನಮ್ಮ ಸೀಮೆಗೂ ಹತ್ತಿರ ಬಂತು. ಆ ಜುಲೈನಲ್ಲಿ ಕೊಲ್ಹಾಪುರದಲ್ಲಿದ್ದ 27ನೆಯ ಮುಂಬಯಿ ದೇಶೀ ಪದಾತಿ ದಳದ ಸಿಪಾಯಿಗಳು ತಿರುಗಿ ಬಿದ್ದರು. ಮುಧೋಳ, ಜಮಖಂಡಿಗಳಿಂದ ಕೊಲ್ಹಾಪುರವೆಂದರೆ ಎತ್ತಿನ ಗಾಡಿಗೆ ಕೆಲವು ದಿನಗಳ ಹಾದಿ, ಅಷ್ಟೆ. ಮುಧೋಳ ಆಗ ಘೋರ್ಪಡೆ ಮನೆತನದ ಸಂಸ್ಥಾನ, ಜಮಖಂಡಿ ಪಟವರ್ಧನರದು. ಹಲಗಲಿ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಸಂತೆಗೆ ಹೋಗಿ ಬಂದವರು, ಊರೂರು ತಿರುಗುವ ವ್ಯಾಪಾರಿಗಳು, ಪಂಢರಪುರದ ಯಾತ್ರಿಕರು, ರಜೆಯ ಮೇಲೆ ಊರಿಗೆ ಬಂದ ಸಿಪಾಯಿಗಳು. ಆ ಕಾಲದ ಹಳ್ಳಿಗೆ ಹೊರಗಿನ ಸುದ್ದಿ ತರುತ್ತಿದ್ದವರು ಇಂಥವರೇ. ಸುದ್ದಿ ಬರುತ್ತಾ ಬರುತ್ತಾ ದೊಡ್ಡದಾಗುತ್ತದೆ, ಕೆಲವೊಮ್ಮೆ ಚಿಕ್ಕದೂ ಆಗುತ್ತದೆ. ಹೇಳಿದವನ ಆಸೆ, ಕೇಳಿದವನ ಭಯ ಎರಡೂ ಅದಕ್ಕೆ ಅಂಟಿಕೊಳ್ಳುತ್ತವೆ.

ಹಲಗಲಿಯವರ ಕಿವಿಗೆ ಬಿದ್ದ ಒಂದು ಸುದ್ದಿ ಮಾತ್ರ ಗಾಳಿಮಾತಾಗಿರಲಿಲ್ಲ. ಲೈಸೆನ್ಸ್ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು, ಇದ್ದವರು ತಂದೊಪ್ಪಿಸಬೇಕು ಎಂಬ ಸರ್ಕಾರದ ಹುಕುಂ ಅದು. ಬೇಟೆ, ಕಾವಲುಗಳಿಂದ ಬದುಕುತ್ತಿದ್ದ ಬೇಡರಿಗೆ ಹತಾರವೆಂದರೆ ಅನ್ನ ಮತ್ತು ಮಾನ ಎರಡೂ ಆಗಿತ್ತು. ಇಂದು ಬನಹಟ್ಟಿಯ ನೇಕಾರನ ಮನೆಯಿಂದ ಮಗ್ಗವನ್ನು ಎತ್ತಿಕೊಂಡು ಹೋದರೆ ಹೇಗಾದೀತೋ ಹಾಗೆ. ಅವರು ಕೊಡುವುದಿಲ್ಲವೆಂದರು. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳುತನದಲ್ಲಿ ಊರು ಎದುರು ನಿಂತಿತು. 1857ರ ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ಬಂತು. ಕೊಲ್ಹಾಪುರದ ದಂಗೆಯನ್ನು ಅಡಗಿಸಲು ಹೋಗಿ ಹೆಸರಾಗಿದ್ದ ಲೆಫ್ಟಿನೆಂಟ್ ಕೆರ್ ಕೂಡ ಬಂದ. ಊರಿಗೆ ಬೆಂಕಿ ಬಿತ್ತು. ಕಾದಾಟದಲ್ಲಿ ಅನೇಕರು ಸತ್ತರು, 290 ಜನ ಸೆರೆಯಾದರು. ಅವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು: 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಜಡಗ ಬಾಲರೂ ಸೇರಿ 6 ಜನರನ್ನು ಡಿಸೆಂಬರ್ 14ರಂದು ಅವರ ಊರಿನಲ್ಲಿಯೇ.

ಈಗ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ದಿಲ್ಲಿ ಪೂರ್ತಿಯಾಗಿ ಇಂಗ್ಲಿಷರ ವಶವಾದದ್ದು ಸೆಪ್ಟೆಂಬರ್ 20ಕ್ಕೆ. ಮರುದಿನ ಮುದುಕ ಬಾದಶಹ ಬಹಾದೂರ್ ಷಾ ಸೆರೆಯಾದ. ಹಲಗಲಿಗೆ ದಂಡು ಬಂದದ್ದು ನವೆಂಬರ್ ಕೊನೆಗೆ. ನಡುವೆ ಹತ್ತು ವಾರ. ಹಲಗಲಿ ಹೊತ್ತಿಕೊಂಡಾಗ, ದೇಶವೆಲ್ಲ ಕಣ್ಣಿಟ್ಟಿದ್ದ ದಿಲ್ಲಿಯಲ್ಲಿ ದೀಪ ಆರಿಹೋಗಿತ್ತು. ನಾನು ಈ ಲೆಕ್ಕ ಹಾಕಿದ್ದು ಹಲಗಲಿಯವರನ್ನು ಮುಗ್ಧರೆನ್ನುವುದಕ್ಕಲ್ಲ. ಹತಾರ ಕೊಡೆವೆಂದು ಅವರು ನಿಂತದ್ದು ದಿಲ್ಲಿಯ ಬಾದಶಹನಿಗಾಗಿ ಅಲ್ಲ, ತಮ್ಮ ಮನೆಯ ಗೋಡೆಗೆ ತೂಗುಬಿದ್ದಿದ್ದ ಹತಾರಕ್ಕಾಗಿ. ಆದರೆ ತಂತಿ ಇದ್ದವರಿಗೆ ಇಡೀ ದೇಶದ ಸ್ಥಿತಿ ಗೊತ್ತಿತ್ತು, ಯಾವ ಊರಿನ ದಂಡು ಯಾವಾಗ ಬಿಡುವಾಗುತ್ತದೆಂಬುದೂ ಗೊತ್ತಿತ್ತು. ತಂತಿ ಇಲ್ಲದವರು ತಮಗೆ ತಿಳಿದಷ್ಟರ ಮೇಲೆ ಪ್ರಾಣ ಪಣಕ್ಕಿಟ್ಟರು.

ಹಲಗಲಿಯವರ ಕಡೆಯ ಸುದ್ದಿಯನ್ನು ನಮಗೆ ಮುಟ್ಟಿಸಿದ್ದು ಲಾವಣಿ. ಶಾಸನ ತಜ್ಞ ಜೆ.ಎಫ್. ಫ್ಲೀಟ್ ಇಂಥ ಲಾವಣಿಗಳನ್ನು ಹುಡುಕಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅವನು ಇಂಗ್ಲಿಷ್ ಸರ್ಕಾರದ ಅಧಿಕಾರಿ! ಸರ್ಕಾರದ ಕಾಗದಪತ್ರಗಳಲ್ಲಿ ಸೆರೆಯಾದವರ ಸಂಖ್ಯೆಯಿದೆ, ಗಲ್ಲಿನ ತಾರೀಖಿದೆ. ಲಾವಣಿಯಲ್ಲಿ ತಾರೀಖಿನ ಗೋಜಿಲ್ಲ. ಆದರೆ ದಂಡಿನವರು ಮನೆಗಳಿಂದ ಏನೇನು ದೋಚಿದರೆಂಬ ಪಟ್ಟಿಯಿದೆ: ಹಾಲು ಮೊಸರಿನಿಂದ ಹಿಡಿದು ತಾಳಿಯವರೆಗೆ, ಬೀಸುವ ಕಲ್ಲಿನವರೆಗೆ. ಬೀಸುವ ಕಲ್ಲನ್ನು ಹೊತ್ತುಕೊಂಡು ಹೋದರೆಂದು ಯಾವ ಕರ್ನಲ್ ತನ್ನ ವರದಿಯಲ್ಲಿ ಬರೆದಾನು? ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವನಿಗೆ ಹಲಗಲಿಯಲ್ಲಿ ನಡೆದದ್ದು ತಿಳಿಯುವುದಿಲ್ಲ.

ಇನ್ನು 2011ಕ್ಕೆ ಬರೋಣ. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲಿದ್ದಿರಿ. ನಾನು ಈ ವೃತ್ತಿಗೆ ಬಂದು ಕೆಲವು ವರ್ಷಗಳಾಗಿದ್ದವು. 2010ರ ಡಿಸೆಂಬರ್ 17ರಂದು ಟ್ಯುನೀಷಿಯಾದ ಸಿದಿ ಬೂಜಿದ್ ಎಂಬ ಊರಿನಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ತರಕಾರಿ ಮಾರುತ್ತಿದ್ದ ಮಹಮ್ಮದ್ ಬೂಅಜೀಜಿ ಎಂಬ ಯುವಕ, ಅಧಿಕಾರಿಗಳ ಕಿರುಕುಳಕ್ಕೆ ಬೇಸತ್ತು ಮೈಗೆ ಬೆಂಕಿ ಹಚ್ಚಿಕೊಂಡ. ಒಂದು ತಿಂಗಳೊಳಗೆ, 2011ರ ಜನವರಿ 14ರಂದು, ಅಲ್ಲಿನ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಜನವರಿ 25ರಂದು ಈಜಿಪ್ಟಿನ ರಾಜಧಾನಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಸೇರಿದರು. ಹಿಂದಿನ ವರ್ಷ ಪೊಲೀಸರ ಹೊಡೆತಕ್ಕೆ ಸತ್ತ ಖಾಲಿದ್ ಸಯೀದ್ ಎಂಬ ಯುವಕನ ಹೆಸರಿನಲ್ಲಿ ಫೇಸ್‌ಬುಕ್‌ನಲ್ಲಿ ತೆರೆದ ಒಂದು ಪುಟ ಈ ಕರೆಯನ್ನು ಲಕ್ಷಾಂತರ ಜನಕ್ಕೆ ಮುಟ್ಟಿಸಿತ್ತು.

ನಾನು ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದೆ. ಕೈರೋದ ಯುವಕರ ಬ್ಲಾಗುಗಳು, ಟ್ವಿಟರಿನ ಒಂದೊಂದು ಸಾಲಿನ ಸುದ್ದಿಗಳು, ಮೊಬೈಲಿನಲ್ಲಿ ತೆಗೆದ ನಡುಗುವ ಚಿತ್ರಗಳು. ಯಾವ ಸುದ್ದಿಸಂಸ್ಥೆಯೂ ನಡುವೆ ಇಲ್ಲದೆ, ಚೌಕದಲ್ಲಿ ನಿಂತವನೇ ನನ್ನ ಕಿವಿಯಲ್ಲಿ ಮಾತಾಡಿದಂತೆ ಅನಿಸುತ್ತಿತ್ತು. ಜನವರಿ 28ರ ಹೊತ್ತಿಗೆ ಸರ್ಕಾರ ಇಡೀ ದೇಶದ ಇಂಟರ್‌ನೆಟ್ಟನ್ನೇ ಕಡಿದು ಹಾಕಿತು. ಕ್ಯಾನಿಂಗನ ಕಾಯಿದೆಯ ಮೊಮ್ಮಗನೆನ್ನಬಹುದು. ಆಗ ಅಲ್ಲಿನವರು ಸಾಮಾನ್ಯ ದೂರವಾಣಿಯಿಂದ ಹೊರದೇಶದ ಒಂದು ಸಂಖ್ಯೆಗೆ ಮಾತನಾಡಿದರೆ ಆ ಧ್ವನಿ ಟ್ವಿಟರಿಗೆ ಸೇರುವ ಏರ್ಪಾಡು ಬಂತು. ಹಳೆಯ ಮೋಡೆಮ್‌ಗಳನ್ನು ಧೂಳು ಒರೆಸಿ ಹೊರತೆಗೆದವರೂ ಇದ್ದರು. ಫೆಬ್ರವರಿ 2ಕ್ಕೆ ಸಂಪರ್ಕ ಮರಳಿತು, 11ಕ್ಕೆ ಅಧ್ಯಕ್ಷ ಮುಬಾರಕ್ ಅಧಿಕಾರ ಬಿಟ್ಟ.

ನನಗೆ ಆಗ ಹೊಳೆಯದ ಮಾತೊಂದಿದೆ. ನಾನು ಓದುತ್ತಿದ್ದುದು ಇಂಗ್ಲಿಷ್ ಬರೆಯಬಲ್ಲ ನಗರದ ಯುವಕರನ್ನು ಮಾತ್ರ. ಕೈರೋದ ಉತ್ತರಕ್ಕೆ ನೈಲ್ ಮುಖಜಭೂಮಿಯಲ್ಲಿ ಮಹಲ್ಲಾ ಅಲ್ ಕುಬ್ರಾ ಎಂಬ ಬಟ್ಟೆ ಗಿರಣಿಗಳ ಊರಿದೆ. 2006ರ ಡಿಸೆಂಬರಿನಲ್ಲಿ ಅಲ್ಲಿ 20,000ಕ್ಕೂ ಹೆಚ್ಚು ಕಾರ್ಮಿಕರು, ಬರಬೇಕಾದ ಬೋನಸ್ಸು ಬರಲಿಲ್ಲವೆಂದು ಕೆಲಸ ನಿಲ್ಲಿಸಿದರು. ಮೊದಲು ಹೊರಗೆ ಬಂದವರು ಹೆಂಗಸರು. 2008ರ ಏಪ್ರಿಲ್ 6ರಂದು ಅದೇ ಊರಿನ ಕಾರ್ಮಿಕರು ಮುಷ್ಕರಕ್ಕೆ ಮುಂದಾದಾಗ ಅವರ ಬೆಂಬಲಕ್ಕೆ ಹುಟ್ಟಿದ್ದೇ, ಮುಂದೆ ತಹ್ರೀರ್ ಚೌಕದಲ್ಲಿ ಹೆಸರಾದ ‘ಏಪ್ರಿಲ್ 6’ ಯುವಕರ ಚಳವಳಿ. ನೂಲಿನ ಬೆಲೆ ಏರಿದ, ಕೂಲಿ ಏರದ ವರ್ಷ ಮಗ್ಗದ ಮನೆಯಲ್ಲಿ ಹೇಗಿರುತ್ತದೆಂದು ರಬಕವಿ-ಬನಹಟ್ಟಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಹಲ್ಲಾದ ಸುದ್ದಿ ನಮಗೆ ಬೇಗ ಅರ್ಥವಾಗಬೇಕಿತ್ತು. ಆದರೆ ಅದು ನನ್ನ ಪರದೆಯ ಮೇಲೆ ಬರಲೇ ಇಲ್ಲ, ಏಕೆಂದರೆ ನಾನು ಹುಡುಕಲಿಲ್ಲ.

ಹುಡುಕಿದ್ದನ್ನೂ ಸರಿಯಾಗಿ ನೋಡಲಿಲ್ಲ. ಆ ದಿನಗಳಲ್ಲಿ ಕೈರೋದ ಮೇಲೆ ಒಂದು ಚರ್ಚಾ ಕಾರ್ಯಕ್ರಮ ಮಾಡಿದೆ. ಹಿನ್ನೆಲೆಗೆ ಜನಸಮುದ್ರದ ಒಂದು ಭಾರಿ ಚಿತ್ರ ಬೇಕಾಗಿತ್ತು. ಇಂಟರ್‌ನೆಟ್ಟಿನಲ್ಲಿ ‘ಕೈರೋ, ಜನವರಿ 25’ ಎಂದು ಸಿಕ್ಕಿದ್ದನ್ನು ಹಾಕಿಸಿದೆ. ಪ್ರಸಾರವಾದ ಎಂಟು ದಿನಕ್ಕೆ ಬೀಳಗಿ ಕಡೆಯ ಪ್ರೌಢಶಾಲೆಯ ಮೇಷ್ಟರೊಬ್ಬರಿಂದ ಒಂದು ಅಂಚೆ ಕಾರ್ಡು ಬಂತು. ತಮ್ಮ ಚಿತ್ರ ಜನವರಿಯದಲ್ಲ, ಚಿತ್ರದಲ್ಲಿರುವವರ ನೆರಳನ್ನು ದಯವಿಟ್ಟು ಗಮನಿಸಬೇಕು ಎಂದು ಅದರಲ್ಲಿತ್ತು.

ವಿಜ್ಞಾನದ ಪದವೀಧರನಾದ ನಾನು ನಾಚಿಕೆಯಿಂದ ಕಾಗದ ಪೆನ್ಸಿಲ್ ಹಿಡಿದೆ. ನೀವೂ ಹಿಡಿಯಿರಿ. ಕೈರೋ ಇರುವುದು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನವರಿ 25ರಂದು ಸೂರ್ಯ ನೆತ್ತಿಯ ಮೇಲೆ ಇರುವುದು ಸುಮಾರು 19 ಡಿಗ್ರಿ ದಕ್ಷಿಣದಲ್ಲಿ. ಎರಡನ್ನೂ ಕೂಡಿಸಿದರೆ 49. ಅಂದರೆ ಆ ದಿನ ನಡುಮಧ್ಯಾಹ್ನದಲ್ಲಿಯೂ ಕೈರೋದ ಸೂರ್ಯ ನೆತ್ತಿಯಿಂದ 49 ಡಿಗ್ರಿ ಕೆಳಗಿರುತ್ತಾನೆ. ನೆರಳಿನ ಉದ್ದ ಬೇಕಾದರೆ ಆಳಿನ ಎತ್ತರವನ್ನು 49 ಡಿಗ್ರಿಯ ಟ್ಯಾನ್‌ನಿಂದ ಗುಣಿಸಬೇಕು. ಅದು ಸುಮಾರು 1.15. ಐದೂವರೆ ಅಡಿಯ ಮನುಷ್ಯನ ನೆರಳು ಆರಡಿಗೂ ಮಿಕ್ಕಿರಬೇಕು. ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಅದೇ ಮಧ್ಯಾಹ್ನ ಬೀಳಗಿಯಲ್ಲಿ, ಅಕ್ಷಾಂಶ 16 ಡಿಗ್ರಿಯ ಆಸುಪಾಸು ಆದ್ದರಿಂದ, ಅವನ ನೆರಳು ನಾಲ್ಕಡಿಗೂ ಕಡಿಮೆ. ನನ್ನ ಚಿತ್ರದಲ್ಲಿಯೋ, ನೆರಳುಗಳು ಎಲ್ಲರ ಕಾಲಬುಡದಲ್ಲಿ ಮುದುರಿ ಮಲಗಿದ್ದವು. ಅದು ಎಲ್ಲಿಯದೇ ಆಗಿರಲಿ, ಜನವರಿಯ ಕೈರೋದಂತೂ ಅಲ್ಲ. ಸಾಲದ್ದಕ್ಕೆ ಎಲ್ಲರೂ ತೆಳು ಅರ್ಧ ತೋಳಿನ ಅಂಗಿ ತೊಟ್ಟಿದ್ದರು. ಜನವರಿಯ ಕೈರೋದಲ್ಲಿ ಚಳಿ.

ಮುಂದಿನ ವಾರದ ಕಾರ್ಯಕ್ರಮದಲ್ಲಿ ತಪ್ಪನ್ನು ಒಪ್ಪಿಕೊಂಡು ಮೇಷ್ಟರಿಗೆ ವಂದನೆ ಹೇಳಿದೆ. ಅದಕ್ಕೂ ಒಂದು ಕಾರ್ಡು ಬಂತು: ನೆರಳನ್ನು ಮೊದಲು ಗಮನಿಸಿದ್ದು ತಾವಲ್ಲ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ವಂದನೆ ಅವಳಿಗೆ ಸಲ್ಲಬೇಕು ಎಂದು.

ನನ್ನದು ಕೈತಪ್ಪಿನಿಂದ ಆದದ್ದು. ಬೇಕೆಂದೇ ಮಾಡುವವರೂ ಇದ್ದಾರೆ. ಅದೇ ವರ್ಷ ಸಿರಿಯಾದ ದಮಾಸ್ಕಸ್‌ನಿಂದ ಅಮೀನಾ ಎಂಬ ಯುವತಿ ಬರೆಯುತ್ತಿದ್ದ ಬ್ಲಾಗು ಲೋಕಪ್ರಸಿದ್ಧವಾಯಿತು. ಅವಳನ್ನು ಅಪಹರಿಸಿದರೆಂಬ ಸುದ್ದಿ ಬಂದಾಗ ದೇಶದೇಶಗಳ ಜನ ಅವಳ ಬಿಡುಗಡೆಗೆ ಒತ್ತಾಯಿಸಿದರು. ಜೂನ್‌ನಲ್ಲಿ ತಿಳಿದುಬಂದದ್ದೇನು? ಅಂಥ ಯುವತಿಯೇ ಇರಲಿಲ್ಲ. ಬರೆಯುತ್ತಿದ್ದವನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದ ಒಬ್ಬ ಅಮೆರಿಕನ್ ಗಂಡಸು. ಅವಳಿಗಾಗಿ ಜನ ಕೂಗುತ್ತಿದ್ದ ಅದೇ ದಿನಗಳಲ್ಲಿ ದಮಾಸ್ಕಸ್‌ನ ಸೆರೆಮನೆಗಳಲ್ಲಿ ನಿಜವಾದ ಹೆಸರಿನ, ನಿಜವಾದ ತಾಯಿ ತಂದೆಗಳಿದ್ದ ಯುವಕ ಯುವತಿಯರು ಇದ್ದರು. ಆ ಬ್ಲಾಗಿನ ಬಗ್ಗೆ ನನಗೆ ಈಗಲೂ ಸಿಟ್ಟು ಬರುವುದು ಈ ಕಾರಣಕ್ಕೆ.

ಈ ದಂಡವನ್ನು ಹೊರದೇಶದವರೇ ತೆರುತ್ತಾರೆಂದು ತಿಳಿಯಬೇಡಿ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನಲ್ಲಿ ಗಲಭೆಗಳು ನಡೆಯುತ್ತಿದ್ದವು. ಅದರ ಸೇಡು ತೀರಿಸಲು ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆಂಬ ಗಾಳಿಮಾತು ಮೊಬೈಲು ಸಂದೇಶಗಳಲ್ಲಿ ಹಬ್ಬಿತು. ಬೇರೆ ದೇಶಗಳ ಚಿತ್ರಗಳನ್ನು ಅಸ್ಸಾಮಿನದೆಂದು ತೋರಿಸಿ ಹಂಚುತ್ತಿದ್ದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ, ನಿಮ್ಮ ವಯಸ್ಸಿನ ವಿದ್ಯಾರ್ಥಿಗಳು, ಹೋಟೆಲುಗಳಲ್ಲಿ ದುಡಿಯುವ ಹುಡುಗರು, ಕಾವಲುಗಾರರು, ಬೆಂಗಳೂರು ರೈಲು ನಿಲ್ದಾಣಕ್ಕೆ ಗಂಟು ಮೂಟೆ ಸಮೇತ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ದಿನಕ್ಕೆ 5ಕ್ಕಿಂತ ಹೆಚ್ಚು ಸಂದೇಶಗಳನ್ನು ಕಳಿಸಕೂಡದೆಂದು ಕೇಂದ್ರ ಸರ್ಕಾರ ಕೆಲವು ದಿನ ಮಿತಿ ಹಾಕಿತು.

ಇನ್ನು ಜಮಖಂಡಿಯಲ್ಲಿ ನನ್ನನ್ನು ಕೇಳಿದ ಹುಡುಗನ ಮಾತಿಗೆ ಬರುತ್ತೇನೆ. ವಾಹನದ ಹಿಂಬದಿಯಲ್ಲಿ ಇಬ್ಬರೂ ಕುಳಿತು ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಇದನ್ನು ತೆಗೆದವರು ಯಾರೆಂದು ಎಲ್ಲಿಯೂ ಇರಲಿಲ್ಲ. ಅವನಿಗೆ ಕಳಿಸಿದವನಿಗೆ ಇನ್ನಾರೋ ಕಳಿಸಿದ್ದರು. ಬೆಂಕಿಯ ಕಡೆಗೆ ನೋಡಬೇಡ, ಬೆಂಕಿ ಎಲ್ಲ ಊರಿನಲ್ಲಿಯೂ ಒಂದೇ ತರಹ ಇರುತ್ತದೆ, ಪಕ್ಕದ ಅಂಗಡಿಗಳನ್ನು ನೋಡು ಎಂದೆ. ಒಂದು ಅಂಗಡಿಯ ಬೋರ್ಡು ಅರೆ ಕ್ಷಣ ಕಾಣುತ್ತಿತ್ತು. ಅದನ್ನು ಹಿಗ್ಗಿಸಿದ.

“ಬಂಗಾಲಿ ಅಕ್ಷರ ಹಿಂಗ ಇರ್ತಾವ್ರಿ?”

“ನೀನೇ ಹೇಳು. ನಮ್ಮ ಹತ್ತು ರೂಪಾಯಿ ನೋಟಿನ ಮೇಲೆ ಬಂಗಾಳಿ ಇದೆಯಲ್ಲ.”

ಜೇಬಿನಿಂದ ನೋಟು ತೆಗೆದ. ಬಂಗಾಳಿಯ ಅಕ್ಷರಗಳು ಹಿಂದಿಯಂತೆ ಮೇಲೊಂದು ಗೆರೆಗೆ ನೇತುಬಿದ್ದಿರುತ್ತವೆ. ಬೋರ್ಡಿನಲ್ಲಿದ್ದವು ನಮ್ಮ ಕನ್ನಡಕ್ಕಿಂತಲೂ ದುಂಡಾಗಿದ್ದವು. ಅದು ಸಿಂಹಳ ಲಿಪಿ. ಶ್ರೀಲಂಕೆಯಲ್ಲಿ ಜನ ಬೀದಿಗಿಳಿದು, ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದ್ದು 2022ರ ಜುಲೈನಲ್ಲಿ. ಆ ವರ್ಷದ ಚಿತ್ರವನ್ನೇ ಯಾರೋ ಢಾಕಾದ ಹೆಸರಿಟ್ಟು ಬಿಟ್ಟಿದ್ದಿರಬೇಕು. ಓಡುತ್ತಿದ್ದ ಜನ ನಿಜ, ಉರಿಯುತ್ತಿದ್ದ ಬಸ್ಸೂ ನಿಜ, ಊರು ಮಾತ್ರ ಬೇರೆ.

ಹುಡುಗ ವಿಡಿಯೋವನ್ನು ಅಳಿಸಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆ ರಾತ್ರೀನ ಇಚಲಕರಂಜಿ ಮಾವಗ ಕಳಿಸೀನ್ರಿ ಸರ್. ಅಂವ ಅಲ್ಲೆ ಮಗ್ಗದ ಮಂದಿಗೆಲ್ಲಾ ತೋರಿಸಿರ್ತಾನ,” ಎಂದ.

“ಹಾಗಾದರೆ ಮಾವನಿಗೆ ಹೇಳಬೇಕಲ್ಲ.”

“ಅಂವಗ ಓದಾಕ ಬರಂಗಿಲ್ರಿ.”

ನಮ್ಮ ವಾಹನ ಹೊರಟು ಮುಧೋಳದ ರಸ್ತೆಗೆ ತಿರುಗುವಾಗಲೂ ಅವನು ಅಲ್ಲಿಯೇ ಬೇವಿನ ಮರದ ಕೆಳಗೆ ನಿಂತು, ಒಂದು ಕೈಯಲ್ಲಿ ನೋಟು, ಒಂದು ಕೈಯಲ್ಲಿ ಮೊಬೈಲು ಹಿಡಿದು, ಅಕ್ಷರದ ತಲೆಯ ಮೇಲಿನ ಗೆರೆ ಎಂದರೆ ಏನೆಂದು ಮಾವನಿಗೆ ಗಟ್ಟಿಯಾಗಿ ವಿವರಿಸುತ್ತಿದ್ದ.